ಊರುಗಳು ಎರವಲು ಕೊಟ್ಟ ವಾದ್ಯ

ಪಿಟೀಲು ಕಲಿಯುವವನಿಗೆ ಒಂದು ಪಿಟೀಲು, ಒಂದು ಕೋಣೆ ಇದ್ದರೆ ಸಾಕು. ಬಾಗಿಲು ಮುಂದೆ ಮಾಡಿಕೊಂಡು ದಿನವಿಡೀ ಸಾಧನೆ ಮಾಡಬಹುದು. ಹಾಡುವವನಿಗೆ ವಾದ್ಯವೂ ಬೇಡ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ವಾದ್ಯವೃಂದದ ಮುಂದೆ ನಿಂತು ಅದನ್ನು ನಡೆಸುವ ಕಂಡಕ್ಟರನಿಗೆ ಮಾತ್ರ ಈ ಭಾಗ್ಯವಿಲ್ಲ. ಅವನ ವಾದ್ಯವೆಂದರೆ ಎಂಬತ್ತು, ತೊಂಬತ್ತು ಮಂದಿ ನುರಿತ ಕಲಾವಿದರು. ಅವರೆಲ್ಲ ಸಂಬಳಕ್ಕೆ ದುಡಿಯುವವರು. ಅವರನ್ನು ಒಂದೆಡೆ ಕೂರಿಸಿದ ಪ್ರತಿ ಗಂಟೆಗೂ ಯಾರೋ ಹಣ ತೆರಬೇಕು. ಕನ್ನಡಿಯ ಮುಂದೆ ನಿಂತು ಎಷ್ಟು ಕೈ ಬೀಸಿದರೂ ಒಂದು ಸ್ವರವೂ ಹುಟ್ಟುವುದಿಲ್ಲ. ಹಾಗಿದ್ದ ಮೇಲೆ ಮೀಸೆ ಚಿಗುರುವ ವಯಸ್ಸಿನ ಹುಡುಗನೊಬ್ಬ ಕಂಡಕ್ಟರ್ ಆಗುವುದು ಹೇಗೆ? ಇಷ್ಟು ದೊಡ್ಡ, ಇಷ್ಟು ದುಬಾರಿಯ ವಾದ್ಯವನ್ನು ಅವನ ಕೈಗೆ ಯಾರು ಕೊಡುತ್ತಾರೆ? ಏನನ್ನು ನಂಬಿ ಕೊಡುತ್ತಾರೆ?

ಈ ಪ್ರಶ್ನೆಯನ್ನು ಹೊತ್ತುಕೊಂಡು ನಾನು ಫ್ರಾನ್ಸಿನ ಕೆಲವು ಊರುಗಳಲ್ಲಿ ಓಡಾಡಿದೆ, ಗಡಿ ದಾಟಿ ಸ್ವಿಟ್ಜರ್ಲೆಂಡಿಗೂ ಹೋಗಿಬಂದೆ. ದಾರಿ ತಪ್ಪದಿರಲೆಂದು ಒಬ್ಬ ಕಲಾವಿದರ ಬದುಕನ್ನೇ ನಕ್ಷೆ ಮಾಡಿಕೊಂಡೆ. ಅವರು ಲಿಯೊನೆಲ್ ಬ್ರ್ಯಾಂಗಿಯೆ. ಹುಟ್ಟಿದ್ದು 1986ರ ಸೆಪ್ಟೆಂಬರಿನಲ್ಲಿ, ಫ್ರಾನ್ಸಿನ ದಕ್ಷಿಣ ತೀರದ ನೀಸ್ ನಗರದಲ್ಲಿ. ಹದಿನೆಂಟನೆಯ ವಯಸ್ಸಿಗೇ ದೊಡ್ಡ ಸ್ಪರ್ಧೆಯೊಂದನ್ನು ಗೆದ್ದು, ಮೂವತ್ತು ತುಂಬುವ ಮೊದಲೇ ಯೂರೋಪಿನ ಹೆಸರಾಂತ ವಾದ್ಯವೃಂದವೊಂದರ ಮುಖ್ಯಸ್ಥರಾದವರು. ಅವರ ಪರಿಚಯ ನನಗಿಲ್ಲ. ಅವರು ನಡೆಸಿದ ರಾವೆಲ್‌ನ ಕೃತಿಗಳ ಧ್ವನಿಮುದ್ರಿಕೆಗಳನ್ನು ಎಷ್ಟೋ ರಾತ್ರಿ ಕೇಳಿದ್ದೇನೆ. ಆ ನಾದದ ಹಿಂದೆ ಯಾವ ಯಾವ ಊರುಗಳಿವೆ ಎಂದು ನೋಡುವ ಆಸೆಯೇ ನನ್ನನ್ನು ಹೊರಡಿಸಿತು.

ನೀಸ್‌ನ ಕಡಲ ತೀರದಲ್ಲಿ ಮರಳಿಲ್ಲ, ಬರೀ ನುಣುಪು ಬೆಣಚುಕಲ್ಲು. ಅಲೆ ಹಿಂದೆ ಸರಿಯುವಾಗ ಸಾವಿರಾರು ಕಲ್ಲುಗಳು ಒಂದನ್ನೊಂದು ಉಜ್ಜಿಕೊಂಡು ಉರುಳುವ ಸದ್ದು ತೀರದುದ್ದಕ್ಕೂ ಕೇಳುತ್ತದೆ. ತೀರದ ಹಿಂದೆಯೇ ಹಳೆಯ ಊರು. ಕೂರ್ ಸಲೇಯಾ ಎಂಬ ಬೀದಿಯಲ್ಲಿ ಬೆಳಿಗ್ಗೆ ಹೂವಿನ ಸಂತೆ. ಗಲ್ಲಿಗಳಲ್ಲಿ ಕಡಲೆಹಿಟ್ಟು, ಆಲಿವ್ ಎಣ್ಣೆ ಕಲಸಿ ದೊಡ್ಡ ತಟ್ಟೆಯಲ್ಲಿ ಸುಡುವ ‘ಸೊಕ್ಕಾ’ದ ವಾಸನೆ. ಅಲ್ಲಿಂದ ನಾಲ್ಕು ಹೆಜ್ಜೆ ನಡೆದರೆ ಊರಿನ ಒಪೆರಾ ಮಂದಿರ. 1881ರಲ್ಲಿ ಪ್ರದರ್ಶನದ ಹೊತ್ತಿನಲ್ಲೇ ಗ್ಯಾಸ್ ದೀಪದಿಂದ ಬೆಂಕಿ ಹತ್ತಿ ಹಳೆಯ ಕಟ್ಟಡ ಸುಟ್ಟುಹೋಯಿತು, ಅನೇಕರು ಸತ್ತರು. ಊರಿನವರು ಅಲ್ಲೇ ಮತ್ತೆ ಕಟ್ಟಿದರು. 1885ರಲ್ಲಿ ಬಾಗಿಲು ತೆರೆದ ಆ ಕಟ್ಟಡವೇ ಇಂದಿಗೂ ಕಡಲಿಗೆ ಬೆನ್ನು ಮಾಡಿ ನಿಂತಿದೆ. 1860ರವರೆಗೆ ನೀಸ್ ಸೇರಿದ್ದು ಫ್ರಾನ್ಸಿಗಲ್ಲ, ಸಾರ್ಡೀನಿಯಾದ ರಾಜ್ಯಕ್ಕೆ. ಇಟಲಿಯ ಒಪೆರಾದ ಗೀಳು ಈ ಊರಿಗೆ ಅಂಟಿದ್ದು ಆ ಕಾಲದಿಂದ.

ಊರಿನ ಸಂಗೀತ ಶಾಲೆ, ಅವರು ಕನ್ಸರ್ವಾತ್ವಾರ್ ಎಂದು ಕರೆಯುವುದು, ಇರುವುದು ಸಿಮಿಯೆ ಗುಡ್ಡದ ಮೇಲೆ. ಬಸ್ಸು ಏರುದಾರಿಯಲ್ಲಿ ತಿರುಗಿ ತಿರುಗಿ ಹತ್ತುತ್ತದೆ. ಮೇಲೆ ರೋಮನ್ನರ ಕಾಲದ ಬಯಲು ರಂಗದ ಅವಶೇಷ, ಹಳೆಯ ಆಲಿವ್ ಮರಗಳ ತೋಪು, ಚಿತ್ರಕಾರ ಮಾತೀಸ್‌ನ ಸಂಗ್ರಹಾಲಯ. ನಾನು ಹತ್ತಿದ ಬಸ್ಸಿನಲ್ಲಿ ಒಬ್ಬ ಪುಟ್ಟ ಹುಡುಗಿ ತನ್ನಷ್ಟೇ ಎತ್ತರದ ಚೆಲ್ಲೋ ಪೆಟ್ಟಿಗೆಯನ್ನು ಬೆನ್ನಿಗೆ ಕಟ್ಟಿಕೊಂಡು ನಿಂತಿದ್ದಳು. ತಿರುವಿನಲ್ಲಿ ಬಸ್ಸು ವಾಲಿದಾಗಲೆಲ್ಲ ಪಕ್ಕದಲ್ಲಿದ್ದ ಹಿರಿಯರೊಬ್ಬರು ಒಂದು ಮಾತೂ ಆಡದೆ ಪೆಟ್ಟಿಗೆಗೆ ಕೈಕೊಟ್ಟು ಹಿಡಿಯುತ್ತಿದ್ದರು. ಬ್ರ್ಯಾಂಗಿಯೆ ಐದನೆಯ ವಯಸ್ಸಿನಲ್ಲಿ ಸೇರಿದ್ದು ನೀಸ್‌ನ ಈ ಶಾಲೆಗೇ, ಅವರು ಕೈಗೆತ್ತಿಕೊಂಡದ್ದೂ ಚೆಲ್ಲೋ.

ಇಂಥ ಶಾಲೆ ಫ್ರಾನ್ಸಿನ ಒಂದೆರಡು ದೊಡ್ಡ ನಗರಗಳಲ್ಲಷ್ಟೇ ಇರುವುದಲ್ಲ. 1966ರಲ್ಲಿ ಸಂಸ್ಕೃತಿ ಸಚಿವ ಆಂದ್ರೆ ಮಾಲ್ರೋ ಅವರು ಸಂಗೀತದ ಹೊಣೆಯನ್ನು ಮಾರ್ಸೆಲ್ ಲಾಂಡೋವ್ಸ್ಕಿ ಎಂಬ ಸಂಗೀತಕಾರನಿಗೆ ವಹಿಸಿದರು. ಲಾಂಡೋವ್ಸ್ಕಿ ಹತ್ತು ವರ್ಷದ ಯೋಜನೆಯೊಂದನ್ನು ಹಾಕಿದರು: ಪ್ರತಿ ಪ್ರಾಂತಕ್ಕೂ ಒಂದು ಸಂಗೀತ ಶಾಲೆ, ಒಂದು ವಾದ್ಯವೃಂದ, ಒಂದು ಒಪೆರಾ ಇರಬೇಕು, ಪ್ಯಾರಿಸ್ಸಿನಲ್ಲಿ ಹುಟ್ಟದ ಮಗುವಿಗೂ ಸಂಗೀತ ಎಟುಕಬೇಕು. 1967ರಲ್ಲಿ ಹುಟ್ಟಿದ ಆರ್ಕೆಸ್ತ್ರ ದ ಪಾರಿ ಎಂಬ ವಾದ್ಯವೃಂದ ಆ ಕಾಲದ ಕನಸಿನದೇ ಕೂಸು. ಸರ್ಕಾರ, ನಗರಸಭೆ, ಪ್ರಾಂತಗಳು ಸೇರಿ ದುಡ್ಡು ಹಾಕಿದವು. ಮಗುವೊಂದಕ್ಕೆ ಐದನೆಯ ವಯಸ್ಸಿಗೇ ಚೆಲ್ಲೋ ಸಿಗಬೇಕಾದರೆ ಆ ಮಗು ಹುಟ್ಟುವ ಇಪ್ಪತ್ತು ವರ್ಷ ಮೊದಲೇ ಯಾರೋ ಕಚೇರಿಯಲ್ಲಿ ಕೂತು ಕಡತಕ್ಕೆ ಸಹಿ ಹಾಕಿರಬೇಕು. ಪ್ರತಿಭೆ ತಾನೇ ತಾನಾಗಿ ಚಿಗುರುತ್ತದೆ ಎಂದು ನಂಬುವವರು ಸಿಮಿಯೆ ಗುಡ್ಡದ ಬಸ್ಸನ್ನೊಮ್ಮೆ ಹತ್ತಬೇಕು.

ಹದಿಮೂರನೆಯ ವಯಸ್ಸಿನಲ್ಲಿ ಬ್ರ್ಯಾಂಗಿಯೆ ಪ್ಯಾರಿಸ್ ಕನ್ಸರ್ವಾತ್ವಾರ್ ಸೇರಿದರು. ನೀಸ್‌ನಿಂದ ಪ್ಯಾರಿಸ್ಸಿಗೆ ವೇಗದ ರೈಲಿನಲ್ಲೂ ಹೆಚ್ಚು ಕಡಿಮೆ ಅರ್ಧ ದಿನದ ಹಾದಿ. ಕಡಲು, ಕೆಂಪು ಬಂಡೆ, ದ್ರಾಕ್ಷಿ ತೋಟ ಎಲ್ಲ ಹಿಂದೆ ಸರಿದು ಬಯಲು ಸೀಮೆ ಬರುವುದನ್ನು ನೋಡುತ್ತಾ, ಆ ವಯಸ್ಸಿನ ಮಗನನ್ನು ಇಷ್ಟು ದೂರ ಕಳಿಸಿದ ತಂದೆತಾಯಿಗಳ ಮನಸ್ಸು ಹೇಗಿದ್ದಿರಬಹುದೆಂದು ಯೋಚಿಸುತ್ತಿದ್ದೆ.

ಕನ್ಸರ್ವಾತ್ವಾರ್ ಶುರುವಾದದ್ದು 1795ರಲ್ಲಿ, ಕ್ರಾಂತಿಯ ಕಾವು ಇನ್ನೂ ಆರದಿದ್ದ ಹೊತ್ತಿನಲ್ಲಿ. 1990ರಿಂದ ಅದು ಇರುವುದು ಊರಿನ ಈಶಾನ್ಯದ ಅಂಚಿನ ಲಾ ವಿಲೆತ್‌ನಲ್ಲಿ. 1974ರವರೆಗೆ ಅದು ಇಡೀ ಪ್ಯಾರಿಸ್ಸಿನ ಕಸಾಯಿಖಾನೆ, ದನದ ಸಂತೆಗಳಿದ್ದ ಜಾಗ. ಸಂತೆಯ ಕಬ್ಬಿಣದ ಚಪ್ಪರ ಇಂದಿಗೂ ಇದೆ, ಈಗ ಅಲ್ಲಿ ಕಲಾಪ್ರದರ್ಶನ ನಡೆಯುತ್ತದೆ. ಪಕ್ಕದಲ್ಲೇ 2015ರಲ್ಲಿ ತೆರೆದ, 2,400 ಆಸನಗಳ ಫಿಲಾರ್ಮೋನಿ ಮಂದಿರ. ಮೆಟ್ರೋ ಹತ್ತಿ ಹೋದವನು ಸಂಜೆಯವರೆಗೂ ಆ ಅಂಗಳದಲ್ಲಿ ಕೂತಿದ್ದೆ. ಕಿಟಕಿಗಳಿಂದ ಹೊರಗೆ ಬಿದ್ದ ಸ್ವರಗಳು, ಎಲ್ಲವೂ ಅರ್ಧಂಬರ್ಧ: ಎಲ್ಲೋ ಒಂದು ಹಾರ್ನ್ ಒಂದೇ ಸಾಲನ್ನು ಮತ್ತೆ ಮತ್ತೆ ಊದುತ್ತಿತ್ತು, ಎಲ್ಲೋ ಪಿಯಾನೋ ನಡುವೆ ತಡೆದು ಮತ್ತೆ ಮೊದಲಿನಿಂದ ಶುರುಮಾಡುತ್ತಿತ್ತು.

ಬ್ರ್ಯಾಂಗಿಯೆ ಇಲ್ಲಿ ಫಿಲಿಪ್ ಮುಲ್ಲೇರ್ ಅವರ ಬಳಿ ಚೆಲ್ಲೋ, ಹಂಗೇರಿಯ ಜೋಲ್ಟ್ ನಾದ್ಯ್ ಅವರ ಬಳಿ ಕಂಡಕ್ಟಿಂಗ್ ಕಲಿತರು. ಚೆಲ್ಲೋ ನುಡಿಸುವವರು ಕಂಡಕ್ಟರ್ ಆದದ್ದು ಇತಿಹಾಸದಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಟೊಸ್ಕನೀನಿ, ಬಾರ್ಬಿರೊಲ್ಲಿ, ಹಾರ್ನೊಂಕೂರ್ಟ್ ಮೂವರೂ ಚೆಲ್ಲೋದಿಂದ ಬಂದವರು. 1886ರಲ್ಲಿ ರಿಯೋ ಡಿ ಜನೈರೊದಲ್ಲಿ ‘ಐಡಾ’ ಒಪೆರಾಕ್ಕೆ ಕಂಡಕ್ಟರ್ ಇಲ್ಲದೆ ಗಲಭೆಯೆದ್ದಾಗ, ಚೆಲ್ಲೋ ಸಾಲಿನಿಂದ ಎದ್ದುಬಂದು ಇಡೀ ಒಪೆರಾವನ್ನು ನೆನಪಿನಿಂದಲೇ ನಡೆಸಿದ ಟೊಸ್ಕನೀನಿಗೆ ಆಗ ಹತ್ತೊಂಬತ್ತು ವರ್ಷ. ಚೆಲ್ಲೋದವರು ಹೀಗೆ ಕಂಡಕ್ಟರ್ ಆಗುವುದಕ್ಕೆ ನನಗೆ ತೋಚುವ ಕಾರಣ ಇದು: ಚೆಲ್ಲೋ ಕೆಲವೊಮ್ಮೆ ರಾಗವನ್ನು ಹಾಡುತ್ತದೆ, ಕೆಲವೊಮ್ಮೆ ತಳಹದಿಯ ಮಂದ್ರವನ್ನು ಹೊರುತ್ತದೆ. ಅದನ್ನು ನುಡಿಸುವವನಿಗೆ ಮೇಲಿನದೂ ಕೆಳಗಿನದೂ ಒಟ್ಟಿಗೆ ಕೇಳುವ ಕಿವಿ ಬೆಳೆಯುತ್ತದೆ.

ಆ ಕಿವಿ ಕಂಡಕ್ಟರನಿಗೆ ಬೇಕೇ ಬೇಕು. ಅವನ ಮುಂದಿನ ಸ್ವರಪುಸ್ತಕದಲ್ಲಿ ಒಂದೇ ಪುಟದಲ್ಲಿ ಇಪ್ಪತ್ತು, ಇಪ್ಪತ್ತೈದು ಸಾಲು ಒಂದರ ಕೆಳಗೊಂದು ಇರುತ್ತವೆ; ಎಲ್ಲವೂ ಒಂದೇ ಗಳಿಗೆಯಲ್ಲಿ ನಡೆಯಬೇಕಾದವು. ಅದರಲ್ಲೂ ಹಾರ್ನ್, ಕ್ಲಾರಿನೆಟ್‌ಗಳ ಸಾಲಿನಲ್ಲಿ ಬರೆದ ಸ್ವರವೇ ಬೇರೆ, ಕೇಳುವ ಸ್ವರವೇ ಬೇರೆ. ಇವನ್ನೆಲ್ಲ ಕಣ್ಣಲ್ಲಿ ಓದಿ ತಲೆಯೊಳಗೆ ಕೇಳಿಸಿಕೊಳ್ಳುವುದು ಮೊದಲ ಪಾಠ. ಆಮೇಲೆ ತಾನು ತಲೆಯಲ್ಲಿ ಕೇಳಿದ್ದಕ್ಕೂ ಎದುರಿಗೆ ನುಡಿಯುತ್ತಿರುವುದಕ್ಕೂ ಎಲ್ಲಿ ವ್ಯತ್ಯಾಸವಿದೆ ಎಂದು ಕ್ಷಣದಲ್ಲಿ ಹಿಡಿಯುವುದು. ಕೈಯ ಚಲನೆ ಬರುವುದು ಇದೆಲ್ಲದರ ನಂತರ.

ಈ ಕಲೆ ಬೆಳೆದ ನೆಲವೂ ಒಂದು ಮಟ್ಟಿಗೆ ಪ್ಯಾರಿಸ್ಸೇ. ಹದಿನಾಲ್ಕನೆಯ ಲೂಯಿಯ ಆಸ್ಥಾನದಲ್ಲಿದ್ದ ಸಂಗೀತಕಾರ ಲುಲ್ಲಿ ಉದ್ದನೆಯ ಕೋಲನ್ನು ನೆಲಕ್ಕೆ ಕುಟ್ಟಿ ತಾಳ ಹಾಕುತ್ತಿದ್ದ; ಅದು ಕಾಲಿಗೆ ಬಡಿದು, ಗಾಯ ಕೊಳೆತು 1687ರಲ್ಲಿ ತೀರಿಕೊಂಡ. 1828ರಲ್ಲಿ ಹಾಬೆನೆಕ್ ಕನ್ಸರ್ವಾತ್ವಾರ್‌ನ ಕಲಾವಿದರನ್ನು ಒಟ್ಟುಗೂಡಿಸಿ, ಪಿಟೀಲಿನ ಕಮಾನನ್ನೇ ಕೋಲಾಗಿ ಹಿಡಿದು ಬೀಥೋವನ್‌ನ ಸಿಂಫನಿಗಳನ್ನು ಪ್ಯಾರಿಸ್ಸಿಗೆ ಕೇಳಿಸಿದ. 1855ರಲ್ಲಿ ಬೆರ್ಲಿಯೋಜ್ ಕಂಡಕ್ಟರನ ಕೆಲಸದ ಬಗೆಗೇ ಒಂದು ಪ್ರಬಂಧ ಬರೆದ. ಕೋಲು ನೆಲದಿಂದ ಗಾಳಿಗೆ ಏರಿತು, ಸದ್ದು ಮಾಡುವುದನ್ನು ಬಿಟ್ಟಿತು. ಅಂದಿನಿಂದ ವೇದಿಕೆಯ ಮೇಲೆ ಸದ್ದೇ ಮಾಡದ ಸಂಗೀತಗಾರ ಕಂಡಕ್ಟರ್ ಒಬ್ಬನೇ.

ಪ್ಯಾರಿಸ್ಸಿನಿಂದ ಪೂರ್ವಕ್ಕೆ ರೈಲು ಹಿಡಿದರೆ ಬೆಸಾಂಸೋಂ. ದೂ ಎಂಬ ನದಿ ಹೆಚ್ಚು ಕಡಿಮೆ ಪೂರ್ತಿ ವೃತ್ತವಾಗಿ ಬಳಸಿ ಹರಿಯುತ್ತದೆ, ಆ ಬಳಸಿನೊಳಗೆ ಹಳೆಯ ಊರು ಕೂತಿದೆ. ಬಳಸು ತೆರೆದಿರುವ ಕಡೆ ಕಡಿದಾದ ಬಂಡೆ, ಅದರ ಮೇಲೆ ಸೇನಾ ಎಂಜಿನಿಯರ್ ವೋಬಾಂ ಕಟ್ಟಿಸಿದ ಕೋಟೆ. 2008ರಲ್ಲಿ ಯುನೆಸ್ಕೋದ ಪಟ್ಟಿಗೆ ಸೇರಿದೆ. ವಿಕ್ಟರ್ ಹ್ಯೂಗೋ ಹುಟ್ಟಿದ್ದು ಇಲ್ಲಿ, ಸಿನಿಮಾ ಕಂಡುಹಿಡಿದ ಲುಮಿಯೇರ್ ಸೋದರರು ಹುಟ್ಟಿದ್ದೂ ಇಲ್ಲೇ. ಬಹುಕಾಲ ಫ್ರಾನ್ಸಿನ ಗಡಿಯಾರಗಳು ತಯಾರಾಗುತ್ತಿದ್ದ ಊರು. ನದಿ ದಂಡೆಯ ಕಲ್ಲಿನ ಮನೆಗಳು ಬೂದು, ನೀಲಿ ಬಣ್ಣಗಳ ಬೆರಕೆ. ಮಳೆ ಬಂದು ನಿಂತ ಮೇಲೆ ಅವುಗಳ ಮೇಲೆ ಬೀಳುವ ಬೆಳಕನ್ನು ನೋಡುತ್ತಾ ಸೇತುವೆಯ ಮೇಲೆ ಬಹಳ ಹೊತ್ತು ನಿಂತಿದ್ದೆ.

ಇಲ್ಲಿ 1948ರಿಂದ ಪ್ರತಿ ಸೆಪ್ಟೆಂಬರಿನಲ್ಲಿ ಸಂಗೀತೋತ್ಸವ ನಡೆಯುತ್ತದೆ. 1951ರಲ್ಲಿ ಉತ್ಸವದ ಜೊತೆಗೆ ತರುಣ ಕಂಡಕ್ಟರುಗಳಿಗಾಗಿ ಸ್ಪರ್ಧೆಯೊಂದನ್ನು ಶುರುಮಾಡಿದರು. ಈಗ ಅದು ಎರಡು ವರ್ಷಕ್ಕೊಮ್ಮೆ. 35ರೊಳಗಿನವರು ಯಾವ ದೇಶದವರಾದರೂ ಬರಬಹುದು. ಮೊದಲ ಆಯ್ಕೆ ಪ್ರಪಂಚದ ಹಲವು ನಗರಗಳಲ್ಲಿ, ಬರೀ ಪಿಯಾನೋಗಳ ಮುಂದೆ. ಅದರಲ್ಲಿ ಉಳಿದ ಸುಮಾರು ಇಪ್ಪತ್ತು ಮಂದಿ ಬೆಸಾಂಸೋಂಗೆ ಬಂದು ನಿಜವಾದ ವಾದ್ಯವೃಂದದ ಮುಂದೆ ನಿಲ್ಲುತ್ತಾರೆ. ಕೊನೆಯ ಸುತ್ತಿಗೆ ಸ್ಪರ್ಧೆಗೆಂದೇ ಬರೆಸಿದ ಹೊಸ ಕೃತಿಯೂ ಇರುತ್ತದೆ. ಹಿಂದೆ ಯಾರೂ ನುಡಿಸಿಲ್ಲದ ಕಾರಣ ಯಾರ ಧ್ವನಿಮುದ್ರಿಕೆ ಕೇಳಿಯೂ ಅನುಕರಿಸುವಂತಿಲ್ಲ. ಯಾರೂ ಯೋಗ್ಯರಲ್ಲ ಎನಿಸಿದರೆ ತೀರ್ಪುಗಾರರು ದೊಡ್ಡ ಬಹುಮಾನವನ್ನು ಕೊಡದೆಯೂ ಇರಬಹುದು.

ಸುತ್ತುಗಳನ್ನು ಜನ ಬಂದು ನೋಡಬಹುದು. ನಾನು ಕೂತದ್ದು ಲೆದೂ ರಂಗಮಂದಿರದಲ್ಲಿ. ವಾಸ್ತುಶಿಲ್ಪಿ ಲೆದೂ ಅದನ್ನು 1784ರಲ್ಲಿ ಮುಗಿಸಿದಾಗ ವಾದ್ಯದವರಿಗೆಂದು ರಂಗದ ಮುಂದೆ ತಗ್ಗಾದ ಜಾಗ ಮಾಡಿದ್ದ, ಆ ಕಾಲಕ್ಕೆ ಹೊಸ ಯೋಚನೆ ಅದು. 1958ರ ಬೆಂಕಿಯಲ್ಲಿ ಒಳಗೆಲ್ಲ ಸುಟ್ಟು, ಕಂಬಗಳ ಮುಂಭಾಗ ಮಾತ್ರ ಉಳಿಯಿತು. ಅದರ ಹಿಂದಿನ ಭಾಗವನ್ನು ಹೊಸದಾಗಿ ಕಟ್ಟಿದರು. ನನ್ನ ಪಕ್ಕದಲ್ಲಿ ಕೂತಿದ್ದ ವಯಸ್ಸಾದ ಹೆಂಗಸು ಈ ಊರಿನವರೇ. ಮಡಿಲಲ್ಲಿ ಸಣ್ಣ ಪುಸ್ತಕವಿಟ್ಟುಕೊಂಡು ಪ್ರತಿ ಸ್ಪರ್ಧಿಗೂ ತಾವೇ ಅಂಕ ಹಾಕುತ್ತಿದ್ದರು. ಬಿಡುವಿನಲ್ಲಿ ಪುಸ್ತಕ ನನ್ನತ್ತ ತಿರುಗಿಸಿ, ಒಬ್ಬ ಹುಡುಗನ ಹೆಸರಿನ ಕೆಳಗೆ ಎರಡು ಗೆರೆ ಎಳೆದಿದ್ದನ್ನು ತೋರಿಸಿದರು.

ಆ ಬೆಳಿಗ್ಗೆ ಕೊಟ್ಟಿದ್ದ ಕೃತಿಗಳಲ್ಲಿ ದೆಬುಸಿಯ ‘ಫಾನ್‌ನ ಅಪರಾಹ್ನ’ದ ಪ್ರೆಲ್ಯೂಡ್ ಇತ್ತು, 1894ರ ರಚನೆ. ಅದರ ಆರಂಭ ಒಂಟಿ ಕೊಳಲು. ಬೇರೆ ಯಾವ ವಾದ್ಯವೂ ಇಲ್ಲ. ಕೊಳಲು ಜಾರುತ್ತಾ ಕೆಳಗಿಳಿದು ಮತ್ತೆ ಮೇಲೇರುತ್ತದೆ, ಆಮೇಲೆ ಹಾರ್ಪ್‌ನ ತಂತಿಗಳು ಎಚ್ಚರಗೊಳ್ಳುತ್ತವೆ, ಹಾರ್ನ್‌ಗಳು ದೂರದಿಂದ ಓಗೊಡುತ್ತವೆ. ಮೊದಲು ಬಂದ ತರುಣ ಬಹಳ ಸಿದ್ಧತೆ ಮಾಡಿಕೊಂಡಿದ್ದ. ಕೊಳಲಿನ ಪ್ರತಿ ತಾಳವನ್ನೂ ಕೋಲಿನಿಂದ ಗುರುತಿಸಿದ, ಒಂದೂ ತಪ್ಪಲಿಲ್ಲ. ಕೊಳಲಿನಾಕೆ ಆ ಕೋಲನ್ನೇ ನೋಡಿಕೊಂಡು ಸರಿಯಾಗಿ ನುಡಿಸಿದಳು, ಆದರೆ ಉಸಿರು ಎಲ್ಲೋ ಬಿಗಿದಂತಿತ್ತು. ಅವನ ನಂತರ ಬಂದ ಹುಡುಗಿ ಕೋಲನ್ನು ಅರ್ಧ ಎತ್ತಿ ಕೊಳಲಿನಾಕೆಯತ್ತ ನೋಡಿದಳು. ಇಬ್ಬರೂ ಒಟ್ಟಿಗೆ ಉಸಿರೆಳೆದುಕೊಂಡರು. ಅಷ್ಟೆ, ಕೋಲು ನಿಂತಲ್ಲೇ ನಿಂತಿತು. ಕೊಳಲು ತನ್ನಷ್ಟಕ್ಕೆ ಹೊರಟಿತು. ಯಾವ ಸ್ವರದಲ್ಲಿ ತಂಗಬೇಕು, ಎಲ್ಲಿಂದ ಜಾರಬೇಕು ಎಂಬುದನ್ನು ನುಡಿಸುವವಳೇ ತೀರ್ಮಾನಿಸುತ್ತಿದ್ದಳು. ಹಾರ್ಪ್ ಬರುವ ಹೊತ್ತಿಗೆ ಹುಡುಗಿಯ ಎಡಗೈ ಬೆರಳುಗಳು ಬಿಡಿಸಿಕೊಂಡವು, ಇಡೀ ವಾದ್ಯವೃಂದ ಅವಳ ಅಂಗೈಯ ಮೇಲೆ ತೆರೆದುಕೊಂಡಿತು. ಅದೇ ಸ್ವರಗಳು, ಅದೇ ಕಲಾವಿದರು, ಕೇಳಿಸಿದ್ದು ಬೇರೆಯದೇ ಸಂಗೀತ. ಕಂಡಕ್ಟರ್ ಮಾಡುವುದೇನು ಎಂಬ ನನ್ನ ಹಳೆಯ ಅನುಮಾನ ಆ ಗಳಿಗೆಯಲ್ಲಿ ಪರಿಹಾರವಾಯಿತು. ಯಾವಾಗ ಹಿಡಿಯಬೇಕು, ಯಾವಾಗ ಬಿಡಬೇಕು ಎಂಬ ವಿವೇಕವೇ ಅವನ ವಿದ್ಯೆ.

ಯಕ್ಷಗಾನದಲ್ಲಿ ಭಾಗವತರೇ ಒಂದನೇ ವೇಷ ಎನ್ನುತ್ತಾರೆ. ಬಣ್ಣ ಹಚ್ಚದೆ, ಹಿಂದೆ ಕೂತು, ಇಡೀ ರಾತ್ರಿಯ ಆಟದ ಓಟವನ್ನು ಹಿಡಿಯುವವರು ಅವರು. ಭಾಗವತರಿಗೆ ಕೊನೆಯಪಕ್ಷ ತಮ್ಮದೇ ಕಂಠವಿದೆ, ಕೈಯಲ್ಲಿ ತಾಳವಿದೆ. ಕಂಡಕ್ಟರನ ಬಳಿ ಅದೂ ಇಲ್ಲ. ಅವನ ಅಧಿಕಾರವೆಲ್ಲ ಎದುರಿಗಿರುವವರು ಒಪ್ಪಿ ಕೊಟ್ಟದ್ದು. ಅಲ್ಲಿ ಕೂತವರಲ್ಲಿ ಅನೇಕರು ಆ ಕೃತಿಯನ್ನು ಅವನು ಹುಟ್ಟುವ ಮೊದಲಿನಿಂದ ನುಡಿಸುತ್ತಾ ಬಂದವರು. ಮೊದಲ ಐದು ನಿಮಿಷದಲ್ಲಿ ಅವರಿಗೆ ಎಲ್ಲ ತಿಳಿದುಹೋಗುತ್ತದೆ: ಈತನಿಗೆ ಕೇಳಿಸುತ್ತದೆಯೋ ಇಲ್ಲವೋ, ತಮ್ಮ ಸಮಯವನ್ನು ಗೌರವಿಸುತ್ತಾನೋ ಇಲ್ಲವೋ.

1959ರಲ್ಲಿ ಜಪಾನಿನ ಸೇಜಿ ಒಜಾವಾ ಸರಕು ಹಡಗಿನಲ್ಲಿ ಫ್ರಾನ್ಸಿಗೆ ಬಂದು, ಜೊತೆಗೆ ತಂದಿದ್ದ ಸ್ಕೂಟರಿನಲ್ಲಿ ಊರೂರು ದಾಟಿ ಪ್ಯಾರಿಸ್ಸಿಗೆ ಹೋದವರು, ಆ ಸೆಪ್ಟೆಂಬರಿನಲ್ಲಿ ಬೆಸಾಂಸೋಂನ ಸ್ಪರ್ಧೆ ಗೆದ್ದರು. ಬಾಸ್ಟನ್ ಸಿಂಫನಿಯ ಮುಖ್ಯಸ್ಥರಾಗಿದ್ದ ಷಾರ್ಲ್ ಮ್ಯುಂಶ್ ಅವರ ಕಣ್ಣಿಗೆ ಬಿದ್ದು ಅಮೆರಿಕಕ್ಕೆ ಹೋದರು. 1973ರಿಂದ 2002ರವರೆಗೆ ಅದೇ ಬಾಸ್ಟನ್ ವಾದ್ಯವೃಂದ ಅವರದಾಯಿತು. 2015ರಲ್ಲಿ ಇಲ್ಲಿ ಗೆದ್ದ ಅಮೆರಿಕದ ಜೊನಾಥನ್ ಹೇವರ್ಡ್, ಇವರೂ ಚೆಲ್ಲೋ ನುಡಿಸುತ್ತಿದ್ದವರು, 2023ರಲ್ಲಿ ಬಾಲ್ಟಿಮೋರ್ ಸಿಂಫನಿಯ ಹೊಣೆ ಹೊತ್ತರು. ಬ್ರ್ಯಾಂಗಿಯೆ ಗೆದ್ದದ್ದು 2005ರಲ್ಲಿ, ಹತ್ತೊಂಬತ್ತು ತುಂಬುವುದಕ್ಕೆ ಮೊದಲು. ರಾಜಧಾನಿಯೂ ಅಲ್ಲದ, ಅಷ್ಟು ದೊಡ್ಡದೂ ಅಲ್ಲದ ಊರೊಂದು ಎಲ್ಲಿಂದಲೋ ಬಂದ ಹುಡುಗರಿಗೆ ತನ್ನ ವೇದಿಕೆಯ ಮೇಲೆ ಪೂರ್ಣ ವಾದ್ಯವೃಂದವನ್ನು ಒಪ್ಪಿಸಿ, ಹೇಗೆ ನಡೆಸುತ್ತೀಯೋ ನಡೆಸು ಎನ್ನುತ್ತದೆ. ನಾನು ಹುಡುಕಿಕೊಂಡು ಹೊರಟ ಪ್ರಶ್ನೆಗೆ ಉತ್ತರ ಬಹುಪಾಲು ಅಲ್ಲೇ ಸಿಕ್ಕಿತು.

ಆಮೇಲಿನ ನಿಲ್ದಾಣ ಲಾಸ್ ಏಂಜಲಿಸ್. ಅಲ್ಲಿಗೆ ನಾನು ಹೋಗಲಿಲ್ಲ, ಆದರೂ ಅದನ್ನು ಬಿಡುವಂತಿಲ್ಲ. ಎಸಾ–ಪೆಕ್ಕ ಸಲೋನೆನ್ ಅಲ್ಲಿನ ಫಿಲ್‌ಹಾರ್ಮೋನಿಕ್‌ನ ಮುಖ್ಯಸ್ಥರಾಗಿದ್ದಾಗ, 2007ರಲ್ಲಿ ಬ್ರ್ಯಾಂಗಿಯೆ ಸಹಾಯಕ ಕಂಡಕ್ಟರ್ ಆಗಿ ಸೇರಿದರು. ಸಹಾಯಕನ ಕೆಲಸ ತೆರೆಮರೆಯದು. ತಾಲೀಮಿನಲ್ಲಿ ಖಾಲಿ ಸಭಾಂಗಣದ ನಡುವೆ ಸ್ವರಪುಸ್ತಕ ತೊಡೆಯ ಮೇಲಿಟ್ಟು ಕೂರಬೇಕು. ಹಿತ್ತಾಳೆಯ ವಾದ್ಯಗಳು ಪಿಟೀಲನ್ನು ಮುಚ್ಚಿಹಾಕುತ್ತಿವೆಯೇ ಎಂದು ಕೇಳಿ ಗುರುತು ಹಾಕಿಕೊಂಡು, ಬಿಡುವಿನಲ್ಲಿ ಮುಖ್ಯಸ್ಥರ ಕಿವಿಗೆ ಹಾಕಬೇಕು. ಮಕ್ಕಳ ಕಛೇರಿಗಳನ್ನು ನಡೆಸಿಕೊಡಬೇಕು. ಬರಬೇಕಾದ ದೊಡ್ಡವರು ಕಾಯಿಲೆ ಬಿದ್ದರೆ ಅವರ ಜಾಗದಲ್ಲಿ ನಿಲ್ಲಲು ಇಡೀ ವಾರದ ಕೃತಿಗಳನ್ನು ಕಲಿತು ಸಿದ್ಧವಾಗಿರಬೇಕು. ಬಹುತೇಕ ಆ ಸಿದ್ಧತೆ ಯಾರ ಕಣ್ಣಿಗೂ ಬೀಳದೆ ಮುಗಿಯುತ್ತದೆ. ಸಲೋನೆನ್ ನಂತರ 2009ರಲ್ಲಿ ಗುಸ್ತಾವೊ ದುದಾಮೆಲ್ ಬಂದ ಮೇಲೂ ಬ್ರ್ಯಾಂಗಿಯೆ ಅಲ್ಲಿ ಉಳಿದು, ಮೆಟ್ಟಿಲು ಮೆಟ್ಟಿಲಾಗಿ ಏರಿ, ರೆಸಿಡೆಂಟ್ ಕಂಡಕ್ಟರ್ ಆದರು. ಅದೇ ವರ್ಷಗಳಲ್ಲಿ, 2009ರಿಂದ 2012ರವರೆಗೆ, ಸ್ಪೇನಿನ ವಯಾದೊಲಿದ್‌ನಲ್ಲಿರುವ ಕಾಸ್ತೀಯ–ಲಿಯೋನ್ ಪ್ರಾಂತದ ವಾದ್ಯವೃಂದವನ್ನೂ ನಡೆಸಿದರು. ಸ್ಪರ್ಧೆಯಲ್ಲಿ ಗೆದ್ದವನ ಹೆಸರು ಒಂದು ಸಂಜೆ ಪತ್ರಿಕೆಯಲ್ಲಿ ಬರುತ್ತದೆ. ಅವನನ್ನು ಕಂಡಕ್ಟರ್ ಮಾಡುವುದು ಹೆಸರು ಬಾರದ ಈ ವರ್ಷಗಳು.

ಬೆಸಾಂಸೋಂನಿಂದ ಬಾಸೆಲ್ ಮಾರ್ಗವಾಗಿ ಜ್ಯೂರಿಕ್ ಸೇರಿದೆ. ಅಲ್ಲಿನ ಟೋನ್‌ಹಾಲೆ ವಾದ್ಯವೃಂದ 1868ರಲ್ಲಿ ಹುಟ್ಟಿದ್ದು. ಸರೋವರದ ಅಂಚಿನ ಅದರ ಮಂದಿರ 1895ರಲ್ಲಿ ತೆರೆದಾಗ, ಬ್ರಾಮ್ಸ್ ಸ್ವತಃ ಬಂದು ತನ್ನ ಕೃತಿಯನ್ನು ನಡೆಸಿಕೊಟ್ಟಿದ್ದ. ಒಳಗೆ ಕಾಲಿಟ್ಟರೆ ಚಾವಣಿಯ ತುಂಬ ಚಿತ್ರ, ಗೋಡೆಯಲ್ಲಿ ಬಂಗಾರದ ಬಣ್ಣ. ಚಾವಣಿಯ ಚಿತ್ರದಲ್ಲಿ ಬ್ರಾಮ್ಸ್‌ನ ಮುಖವೂ ಇದೆ. 2014ರಲ್ಲಿ, ಡೇವಿಡ್ ಜಿನ್‌ಮನ್ ಎರಡು ದಶಕದ ಹತ್ತಿರ ಹತ್ತಿರ ನಡೆಸಿದ್ದ ಈ ವಾದ್ಯವೃಂದ ತರುಣ ಬ್ರ್ಯಾಂಗಿಯೆಯ ಕೈಗೆ ಬಂತು. ರಾವೆಲ್‌ನ ಎಲ್ಲ ವಾದ್ಯವೃಂದ ಕೃತಿಗಳನ್ನು ಅವರು ಇಲ್ಲಿ ಧ್ವನಿಮುದ್ರಿಸಿದರು. ಪಿಯಾನೋ ಕಾನ್ಸರ್ಟೋಗಳನ್ನು ನುಡಿಸಿದ್ದು ಯೂಜಾ ವಾಂಗ್. ನಾನು ರಾತ್ರಿ ಹೊತ್ತು ಕೇಳುತ್ತಿದ್ದದ್ದು ಇವನ್ನೇ. ‘ಲಾ ವಾಲ್ಸ್’ನ ಮೊದಲಲ್ಲಿ ಡಬಲ್‌ಬಾಸ್‌ಗಳು ತಂತಿ ಅದುಮಿದ ದನಿಯಲ್ಲಿ ನಡುಗುತ್ತವೆ, ನಾಟ್ಯದ ಲಯ ಮಬ್ಬಿನಿಂದ ಚೂರು ಚೂರಾಗಿ ಕೂಡಿಕೊಳ್ಳುತ್ತದೆ. ಎಷ್ಟೇ ಮಬ್ಬಿದ್ದರೂ ಬ್ರ್ಯಾಂಗಿಯೆಯ ಮುದ್ರಿಕೆಯಲ್ಲಿ ಪ್ರತಿ ಚೂರಿನ ಅಂಚೂ ಸ್ಪಷ್ಟ. ತರುಣ ಕಂಡಕ್ಟರನಿಂದ ಜನ ಬಯಸುವುದು ಅಬ್ಬರ. ಇಲ್ಲಿ ಇರುವುದು ಅಚ್ಚುಕಟ್ಟು, ಮೆಲುದನಿಯ ಸ್ವರಕ್ಕೂ ಸಲ್ಲಬೇಕಾದದ್ದನ್ನು ಸಲ್ಲಿಸುವ ತಾಳ್ಮೆ. ಅದನ್ನು ಕೇಳಿ ನಾನು ಅವರಿಗೆ ಮನಸೋತೆ.

ಆದರೂ ಜ್ಯೂರಿಕ್‌ನ ನಂಟು ನಾಲ್ಕು ವರ್ಷಕ್ಕೆ ಮುಗಿಯಿತು. 2018ರ ಆಚೆಗೆ ಒಪ್ಪಂದ ಮುಂದುವರಿಯಲಿಲ್ಲ. ಕೊನೆಯ ವರ್ಷ ಹಳೆಯ ಮಂದಿರ ದುರಸ್ತಿಗೆ ಮುಚ್ಚಿತ್ತು. ಊರಿನ ಪಶ್ಚಿಮದಲ್ಲಿ ಹಲ್ಲುಚಕ್ರ ಮಾಡುತ್ತಿದ್ದ ಹಳೆಯ ಕಾರ್ಖಾನೆಯೊಳಗೆ ಮರದಲ್ಲಿ ಕಟ್ಟಿದ ತಾತ್ಕಾಲಿಕ ಸಭಾಂಗಣದಲ್ಲಿ ಕಛೇರಿಗಳು ನಡೆದವು. ಎಳೆಯ ವಯಸ್ಸಿನಲ್ಲಿ ದೊಡ್ಡ ಪೀಠ ಏರಿದವರ ಕಥೆಗಳನ್ನು ಏರಿಕೆಯ ಕಥೆಯಾಗಿ ಹೇಳುವುದೇ ರೂಢಿ. ಈ ಕಸುಬಿನಲ್ಲಿ ಹಾದಿ ಹಾಗಿರುವುದಿಲ್ಲ. ವಾದ್ಯವೃಂದವೂ ಕಂಡಕ್ಟರನೂ ಒಬ್ಬರನ್ನೊಬ್ಬರು ಕೆಲಕಾಲ ಆರಿಸಿಕೊಳ್ಳುತ್ತಾರೆ. ಕಾಲ ಮುಗಿದ ಮೇಲೆ ಎರಡೂ ಕಡೆಯವರು ಮುಂದೆ ನಡೆಯುತ್ತಾರೆ. ಪೀಠವಿಲ್ಲದ ದಿನಗಳಲ್ಲಿ ಕಂಡಕ್ಟರ್ ವಾರಕ್ಕೊಂದು ಊರು, ವಾರಕ್ಕೊಂದು ಹೊಸ ವಾದ್ಯವೃಂದ ಎಂದು ಅತಿಥಿಯಾಗಿ ತಿರುಗುತ್ತಾನೆ. ಎರವಲು ಪಡೆದದ್ದನ್ನು ಎಷ್ಟು ಚೆನ್ನಾಗಿ ಬಳಸಿ, ಎಷ್ಟು ಘನತೆಯಿಂದ ಮರಳಿಸಿದ ಎಂಬುದೂ ಅವನ ಯೋಗ್ಯತೆಯ ಒಂದು ಪಾಲು.

ಬ್ರ್ಯಾಂಗಿಯೆಯ ಹಾದಿಯಲ್ಲಿ ಇನ್ನೊಂದು ಸಂಗತಿ ಎದ್ದು ಕಾಣುತ್ತದೆ: ಅವರನ್ನು ಬೆಳೆಸಿದ್ದು ಫ್ರಾನ್ಸ್, ಪೀಠ ಕೊಟ್ಟದ್ದು ಪರದೇಶ. ಇದು ಅವರೊಬ್ಬರ ಕಥೆಯಲ್ಲ. ಸ್ತೆಫಾನ್ ದೆನೇವ್ ಸ್ಕಾಟ್ಲೆಂಡಿಗೂ ಅಮೆರಿಕದ ಸೇಂಟ್ ಲೂಯಿಗೂ ಹೋದರು, ಲುದೊವಿಕ್ ಮೊರ್ಲೊ ಸಿಯಾಟಲ್‌ಗೆ. ಅತ್ತ ಪ್ಯಾರಿಸ್ಸಿನ ದೊಡ್ಡ ವಾದ್ಯವೃಂದಕ್ಕೆ 2021ರಲ್ಲಿ ಬಂದದ್ದು ಇಪ್ಪತ್ತೈದರ ಫಿನ್ಲೆಂಡಿನ ಹುಡುಗ ಕ್ಲಾವ್ಸ್ ಮ್ಯಾಕೆಲ. ಇದರಲ್ಲಿ ಕೊರಗುವಂಥದ್ದೇನೂ ಮೂರನೆಯವನಾಗಿ ನೋಡುವ ನನಗೆ ಕಾಣಲಿಲ್ಲ. ಒಂದು ದೇಶ ಬೆಳೆಸಿದ್ದನ್ನು ಇನ್ನೊಂದು ದೇಶ ಕೇಳುತ್ತದೆ, ಅಲ್ಲಿ ಬೆಳೆದದ್ದು ಇಲ್ಲಿಗೆ ಬರುತ್ತದೆ.

ಮನಸ್ಸಿಗೆ ನೋವಾಗುವುದು ಬೇರೊಂದು ವಿಷಯಕ್ಕೆ. ಇಷ್ಟು ಶಾಲೆ, ಇಷ್ಟು ವಾದ್ಯವೃಂದ ಕಟ್ಟಿದ ಸಮಾಜವೂ ಬಹುಕಾಲ ಕೋಲನ್ನು ಹೆಣ್ಣಿನ ಕೈಗೆ ಕೊಡಲು ಹಿಂಜರಿಯಿತು. 1945ರಲ್ಲಿ ಹುಟ್ಟಿದ ಕ್ಲೇರ್ ಜಿಬೋ ಆ ಹಿಂಜರಿಕೆಯ ನಡುವೆಯೇ ದಾರಿ ಮಾಡಿಕೊಂಡು, 2020ರಲ್ಲಿ ಪ್ಯಾರಿಸ್ಸಿನ ಫಿಲಾರ್ಮೋನಿಯ ಜೊತೆಗೂಡಿ ಮಹಿಳಾ ಕಂಡಕ್ಟರುಗಳಿಗೆಂದೇ ‘ಲಾ ಮಾಯೆಸ್ತ್ರಾ’ ಸ್ಪರ್ಧೆ ಶುರುಮಾಡಿದರು. 1990ರಲ್ಲಿ ಹುಟ್ಟಿದ ಮಾರಿ ಜಾಕೋ ಚಿಕ್ಕಂದಿನಲ್ಲಿ ಟೆನಿಸ್ ಆಡುತ್ತಿದ್ದವರು, ಟ್ರಾಂಬೋನ್ ನುಡಿಸುತ್ತಿದ್ದವರು. ವಿಯೆನ್ನಾದಲ್ಲಿ, ವೈಮರ್‌ನಲ್ಲಿ ಓದಿ, ಜರ್ಮನಿಯ ಒಪೆರಾ ಮಂದಿರಗಳಲ್ಲಿ ಪಳಗಿ, 2024ರಲ್ಲಿ ಕೋಪನ್‌ಹೇಗನ್‌ನ ರಾಜರಂಗಮಂದಿರದ ಮುಖ್ಯ ಕಂಡಕ್ಟರ್ ಆದರು. ಬೆಸಾಂಸೋಂನಲ್ಲಿ ಕೊಳಲನ್ನು ಅದರ ಪಾಡಿಗೆ ಬಿಟ್ಟ ಆ ಹುಡುಗಿಗೂ ಇಂಥ ದಾರಿ ತೆರೆಯಲಿ ಎಂದು ನಾನು ಮನಸಾರೆ ಹಾರೈಸುತ್ತೇನೆ.

ವಾದ್ಯವೃಂದವನ್ನು ಸಾಕಿ ಸಲಹುವ ಈ ವಿಚಾರದಲ್ಲಿ ಕನ್ನಡ ನಾಡಿನ ಪಾಲೂ ಒಂದಿದೆ. ಲಂಡನ್ನಿನಲ್ಲಿ ವಾಲ್ಟರ್ ಲೆಗ್ 1945ರಲ್ಲಿ ಫಿಲ್‌ಹಾರ್ಮೋನಿಯಾ ವಾದ್ಯವೃಂದ ಕಟ್ಟಿದ ಕೆಲವು ವರ್ಷಗಳಲ್ಲಿ, ಯುದ್ಧ ಮುಗಿದು ಎಲ್ಲರ ಕೈಯೂ ಬರಿದಾಗಿದ್ದ ಆ ಕಾಲದಲ್ಲಿ ನೆರವಿಗೆ ಬಂದವರು ಮೈಸೂರಿನ ಮಹಾರಾಜ ಜಯಚಾಮರಾಜೇಂದ್ರ ಒಡೆಯರ್. ಅದರ ಕಛೇರಿ ಸಂಘದ ಮೊದಲ ಅಧ್ಯಕ್ಷರೂ ಅವರೇ. ರಷ್ಯದ ಸಂಗೀತಕಾರ ಮೆಟ್ನರ್ ತನ್ನ ಕೃತಿಗಳನ್ನು ತಾನೇ ನುಡಿಸಿ ಧ್ವನಿಮುದ್ರಿಸಲು ಸಾಧ್ಯವಾದದ್ದು ಮೈಸೂರಿನ ಹಣದಿಂದ. ಆಗ ಮಹಾರಾಜರಿಗೂ ಮೂವತ್ತರ ಆಸುಪಾಸಿನ ಹರೆಯ. ತಾವೆಂದೂ ಕೋಲು ಹಿಡಿದು ನಿಲ್ಲದ ವೇದಿಕೆಗಾಗಿ ಅವರು ಕೊಟ್ಟರು.

ಬ್ರ್ಯಾಂಗಿಯೆ 2023ರಲ್ಲಿ ಹುಟ್ಟೂರು ನೀಸ್‌ನ ಫಿಲ್‌ಹಾರ್ಮೋನಿಕ್‌ಗೆ ಮುಖ್ಯ ಕಂಡಕ್ಟರ್ ಆಗಿ ಬಂದರು. 2025ರಲ್ಲಿ ಬೆಲ್ಜಿಯಂನ ಲಿಯೇಜ್‌ನ ವಾದ್ಯವೃಂದವೂ ಅವರ ಹೊಣೆಗೆ ಸೇರಿತು. ಸಂಗೀತಕಾರ ಸೆಜಾರ್ ಫ್ರಾಂಕ್ ಹುಟ್ಟಿದ ಊರು ಅದು. ನಲವತ್ತರ ಹೊಸ್ತಿಲಲ್ಲಿರುವ ಅವರನ್ನು ಈಗ ಯಾರೂ ಹುಡುಗ ಎನ್ನುವುದಿಲ್ಲ. ಈ ಕಸುಬಿನ ಮಟ್ಟಿಗೆ ಅದು ಆರಂಭದ ವಯಸ್ಸು; ಎಂಬತ್ತು ದಾಟಿಯೂ ಕಂಡಕ್ಟರುಗಳು ವೇದಿಕೆ ಏರುತ್ತಾರೆ.

ಯುವ ಪ್ರತಿಭೆಯ ಮಾತು ಬಂದಾಗಲೆಲ್ಲ ನಾವು ಪ್ರತಿಭೆಯನ್ನಷ್ಟೇ ಹೊಗಳುತ್ತೇವೆ. ಈ ಪಯಣ ನನಗೆ ಕಲಿಸಿದ್ದು, ಪ್ರತಿಭೆಯನ್ನು ನಂಬಿ ತಮ್ಮದನ್ನು ಒಪ್ಪಿಸಿದವರನ್ನೂ ಎಣಿಸಬೇಕೆಂದು. ಐದರ ಮಗುವಿಗೆ ಚೆಲ್ಲೋ ಕೊಟ್ಟ ನೀಸ್, ಹದಿಮೂರರ ಬಾಲಕನನ್ನು ಸೇರಿಸಿಕೊಂಡ ಪ್ಯಾರಿಸ್, ಹದಿನೆಂಟರ ಹುಡುಗನ ಮುಂದೆ ಪೂರ್ಣ ವಾದ್ಯವೃಂದವನ್ನು ಕೂರಿಸಿದ ಬೆಸಾಂಸೋಂ, ಇಪ್ಪತ್ತರಲ್ಲಿ ಖಾಲಿ ಸಭಾಂಗಣದಲ್ಲಿ ಕೂತು ಕೇಳಲು ಜಾಗ ಕೊಟ್ಟ ಲಾಸ್ ಏಂಜಲಿಸ್. ಅವನು ಸೋಲಬಹುದೆಂದು ತಿಳಿದೂ ಇವರು ಕೊಟ್ಟರು. ಸೋಲುವ ಅವಕಾಶವನ್ನೂ ಸೇರಿಸಿ ಕೊಡದಿದ್ದರೆ ಅದು ಕೊಟ್ಟಂತೆಯೇ ಅಲ್ಲ. ನಮ್ಮಲ್ಲಿ ಸಂಗೀತವಿರಲಿ, ನಾಟಕವಿರಲಿ, ವಿಜ್ಞಾನವಿರಲಿ, ಒಬ್ಬ ಹುಡುಗ ಅಥವಾ ಹುಡುಗಿಯ ಕೈಗೆ ಹಿರಿಯರು ತಮ್ಮ ಸಮಯವನ್ನು ಒಪ್ಪಿಸಿ ಎದುರಿಗೆ ಕೂತು ಕಾಯುವ ಇಂಥ ವೇದಿಕೆಗಳು ಎಷ್ಟಿವೆ ಎಂದು ಕೇಳಿಕೊಳ್ಳಬೇಕು. ಕಡಿಮೆ ಇದ್ದರೆ ಕಟ್ಟಬೇಕು. ಅದಕ್ಕೆ ರಾಜಧಾನಿಯೇ ಬೇಕೆಂದಿಲ್ಲ. ನದಿಯ ಬಳಸಿನಲ್ಲಿ ಕೂತ ಒಂದು ಊರು ಮನಸ್ಸು ಮಾಡಿದರೂ ಆಗುತ್ತದೆ.